3 ಕೆ.ಜಿ. ಕಬ್ಬಿಣದ ಲೆಕ್ಕ

ಬೈಕಿನ ಮೈಲೇಜ್ ಕಡಿಮೆಯಾಗಿದೆ ಎಂದು ಗ್ಯಾರೇಜಿಗೆ ಹೋದರೆ ಅಲ್ಲಿ ಸಿಗುವ ಪುಕ್ಕಟೆ ಸಲಹೆಗಳಲ್ಲಿ ಒಂದು ಡಬಲ್ ಸ್ಟ್ಯಾಂಡಿನದು. ‘ಸುಮ್ನೆ ಭಾರ ಸಾರ್, ಹಂಪಿಗೆ ಬೇರೆ ಬಡಿಯುತ್ತೆ. ಬಿಚ್ಚಿ ಗುಜರಿಗೆ ಹಾಕಿ’ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಕಾಲೇಜು ಹುಡುಗರು ಅದನ್ನು ಕಳಚುವುದು ಚೆಂದಕ್ಕೆ. ಚೆಂದದ ವಿಷಯದಲ್ಲಿ ನಾನು ಮಾತಾಡುವುದಿಲ್ಲ. ಭಾರದ ಮಾತು ಮಾತ್ರ ದುಡ್ಡಿನ ಮಾತು, ಅದನ್ನು ಲೆಕ್ಕ ಹಾಕಿಯೇ ನೋಡಬಹುದು.

ನಾನು ಓಡಿಸುವುದು ಸ್ಪ್ಲೆಂಡರ್. ಅದರ ತೂಕ ಸುಮಾರು 112 ಕೆ.ಜಿ. ಮೇಲೆ ಕೂರುವವನು 70 ಕೆ.ಜಿ. ಎಂದುಕೊಳ್ಳಿ, ಒಟ್ಟು 182. ಸ್ಟ್ಯಾಂಡಿಗೆ 3 ಕೆ.ಜಿ. ಹಿಡಿದರೂ ಅದು ಒಟ್ಟು ಭಾರದಲ್ಲಿ ನೂರಕ್ಕೆ ಎರಡರಷ್ಟೂ ಆಗುವುದಿಲ್ಲ. ಇನ್ನು, ಭಾರ ಎಷ್ಟು ಪಾಲು ಇಳಿಯಿತೋ ಪೆಟ್ರೋಲೂ ಅಷ್ಟೇ ಪಾಲು ಇಳಿಯುತ್ತದೆ ಎಂದೇನಿಲ್ಲ. ಗಾಳಿಯನ್ನು ತಳ್ಳಿಕೊಂಡು ಹೋಗಲು ಸುಡುವ ಪೆಟ್ರೋಲಿಗೂ ಆ ಕಬ್ಬಿಣಕ್ಕೂ ಸಂಬಂಧವೇ ಇಲ್ಲ. ಆದರೂ ಧಾರಾಳವಾಗಿ ನೂರಕ್ಕೆ ಒಂದು ಉಳಿಯಿತು ಎನ್ನೋಣ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ, ಲೀಟರಿಗೆ 60ರಂತೆ ಬೇಕಾಗುವುದು 200 ಲೀಟರ್. ಉಳಿದದ್ದು 2 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೆ ವರ್ಷಕ್ಕೆ 200. ಗುಜರಿಯವನು ಒಂದು ಸಲ ಕೊಡುವ ನೂರರೊಳಗಿನ ಮೊತ್ತವನ್ನೂ ಸೇರಿಸಿಕೊಳ್ಳಿ. ಕಳಚುವುದರಿಂದ ಬರುವ ಲಾಭ ಅಷ್ಟೇ, ಅದೂ ನಾನು ಕೈಬಿಚ್ಚಿ ಲೆಕ್ಕ ಹಾಕಿದ್ದರಿಂದ.

ಇಟ್ಟುಕೊಂಡರೆ ಏನು ಬರುತ್ತದೆ ಎಂಬುದಕ್ಕೆ ಚೈನಿನ ಬಳಿ ಹೋಗಬೇಕು.

ಬಿಡುವಾದಾಗ ಅಂಗಳದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಬೀಗದ ಕೈ ತೆಗೆದು ಜೇಬಿಗಿಟ್ಟು ಬೈಕಿನ ಪಕ್ಕ ಕೂರುವುದು ನನ್ನ ರೂಢಿ. (ಎಂಜಿನ್ ಚಾಲೂ ಇಟ್ಟು ಚಕ್ರ ತಿರುಗುತ್ತಿರುವಾಗ ಚೈನಿಗೆ ಬಟ್ಟೆ ಹಿಡಿಯುವವರಿದ್ದಾರೆ. ಬೆರಳಿನ ಮೇಲೆ ಆಸೆಯಿದ್ದವರು ಹಾಗೆ ಮಾಡಬಾರದು.) ಚೈನ್ ಕವರಿನಲ್ಲಿ ಒಂದು ರಬ್ಬರ್ ಮುಚ್ಚಳ ಇರುತ್ತದೆ. ಅದನ್ನು ಕಿತ್ತು ಬೆರಳಿನಿಂದ ಚೈನನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಎಷ್ಟು ಸಡಿಲವಾಗಿದೆ ಎಂದು ತಿಳಿಯುತ್ತದೆ. ಅಷ್ಟಕ್ಕೇ ನಿಲ್ಲಿಸಬಾರದು. ಚಕ್ರವನ್ನು ಸ್ವಲ್ಪ ತಿರುಗಿಸಿ ಮತ್ತೆ ಆಡಿಸಬೇಕು, ಇನ್ನಷ್ಟು ತಿರುಗಿಸಿ ಮತ್ತೆ. ಹಳೆಯ ಚೈನು ಎಲ್ಲ ಕಡೆಯೂ ಒಂದೇ ಸಮ ಸವೆಯುವುದಿಲ್ಲ. ಒಂದು ಕಡೆ ಅಂಗುಲದಷ್ಟು ಆಡುತ್ತದೆ, ಇನ್ನೊಂದು ಕಡೆ ಅರ್ಧ ಅಂಗುಲವೂ ಆಡುವುದಿಲ್ಲ. ಬಿಗಿ ಇರುವ ಆ ಜಾಗವನ್ನು ಹುಡುಕಿ, ಅಲ್ಲಿನ ಅಳತೆ ನೋಡಿಕೊಂಡು ಚೈನ್ ಹೊಂದಿಸುವುದು ಸರಿಯಾದ ಕ್ರಮ.

ಗಿರಾಕಿ ಜಾಸ್ತಿ ಇರುವ ದಿನ ಗ್ಯಾರೇಜಿನಲ್ಲಿ ನಡೆಯುವುದು ಬೇರೆ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿ ನಿಂತ ಬೈಕಿನ ಚೈನನ್ನು ಒಂದೇ ಕಡೆ ಮುಟ್ಟಿ, ‘ಲೂಸಾಗಿದೆ’ ಎಂದು ಬಿಗಿ ಮಾಡಿ ಕಳಿಸುತ್ತಾರೆ. ಮುಟ್ಟಿದ್ದು ಸಡಿಲ ಜಾಗವಾಗಿದ್ದರೆ, ಬಿಗಿ ಜಾಗ ಬಂದಾಗಲೆಲ್ಲ ಚೈನು ಗೇರ್‌ಬಾಕ್ಸಿನ ಶಾಫ್ಟನ್ನು ಹಿಂದಕ್ಕೆ ಜಗ್ಗುತ್ತದೆ. ಅಲ್ಲಿನ ಬೇರಿಂಗು ಸವೆಯತೊಡಗುವುದು ಹಾಗೆ. ಚೈನ್ ಸೆಟ್ ಹೊಸದು ಹಾಕಿಸಿದರೆ ಸಾವಿರದ ಚಿಲ್ಲರೆಯಲ್ಲಿ ಮುಗಿಯುತ್ತದೆ. ಆ ಬೇರಿಂಗು ಬದಲಿಸಲು ಎಂಜಿನ್ನನ್ನೇ ಬಿಚ್ಚಬೇಕು, ಬಿಲ್ಲು ಅದರ ಹಲವು ಪಟ್ಟು.

ಚೈನ್ ಸೆಟ್ಟಿನ ಲೆಕ್ಕವನ್ನೇ ಮಾಡಿ ನೋಡಿ. 1,200 ರೂಪಾಯಿಯ ಸೆಟ್ಟು 25,000 ಕಿ.ಮೀ. ಬಾಳಿದರೆ, ವರ್ಷಕ್ಕೆ 12,000 ಓಡಿಸುವವರಿಗೆ ಅದರ ಖರ್ಚು ಸುಮಾರು 575. ಕೆಸರು ಮೆತ್ತಿಕೊಂಡು, ಎಣ್ಣೆ ಕಾಣದೆ 15,000ಕ್ಕೇ ಹಲ್ಲು ಸವೆದು ಹೋದರೆ 960. ವ್ಯತ್ಯಾಸ 380ಕ್ಕೂ ಮೇಲೆ. ಪೆಟ್ರೋಲಿನಲ್ಲಿ ಉಳಿಯಿತೆಂದ 200 ಇಲ್ಲೇ ಕರಗಿಹೋಯಿತು. ಸೈಡ್ ಸ್ಟ್ಯಾಂಡಿನಲ್ಲೇ ನಿಲ್ಲಿಸಿ, ಬೈಕನ್ನು ಒಂದೊಂದು ಅಡಿ ಮುಂದಕ್ಕೆ ತಳ್ಳಿಕೊಂಡು ಚೈನಿಗೆ ಎಣ್ಣೆ ಬಿಡಲು ಬರುವುದಿಲ್ಲವೇ ಎಂದು ಕೇಳಬಹುದು. ಬರುತ್ತದೆ. ಮಾಡುವವರನ್ನು ನಾನು ಕಂಡಿಲ್ಲ.

ಹಿಂಚಕ್ರ ನೆಲ ಬಿಟ್ಟಾಗ ಇನ್ನೊಂದೂ ತಿಳಿಯುತ್ತದೆ. ಕೈಯಲ್ಲಿ ಜೋರಾಗಿ ತಿರುಗಿಸಿ ಬಿಟ್ಟರೆ ಚಕ್ರ ತಾನಾಗಿ ಸ್ವಲ್ಪ ಸುತ್ತಬೇಕು. ತಟಕ್ಕನೆ ನಿಂತರೆ, ಒಳಗಿನಿಂದ ಸೊರ್ ಸೊರ್ ಎಂದು ಸದ್ದು ಬಂದರೆ, ಬ್ರೇಕ್ ಶೂ ಡ್ರಮ್ಮಿಗೆ ಉಜ್ಜುತ್ತಿದೆ ಎಂದರ್ಥ. ಬ್ರೇಕ್ ಹಿಡಿಯುತ್ತಿಲ್ಲವೆಂದು ರಾಡಿನ ನಟ್ಟನ್ನು ಒಂದೆರಡು ಸುತ್ತು ಹೆಚ್ಚಾಗಿ ತಿರುವಿದರೆ ಹೀಗಾಗುತ್ತದೆ. ಬ್ರೇಕ್ ಹಿಡಿದುಕೊಂಡೇ ಓಡುವ ಬೈಕು ಕುಡಿಯುವ ಪೆಟ್ರೋಲಿನ ಮುಂದೆ 3 ಕೆ.ಜಿ. ಕಬ್ಬಿಣ ಯಾವ ಲೆಕ್ಕ? ಮೈಲೇಜಿಗೆಂದು ಸ್ಟ್ಯಾಂಡ್ ಬಿಚ್ಚುವುದು, ಕಳ್ಳನನ್ನು ಒಳಗೇ ಬಿಟ್ಟು ಕಾವಲುಗಾರನನ್ನು ಕೆಲಸದಿಂದ ತೆಗೆದ ಹಾಗೆ. ಎಂಜಿನ್ ಆಯಿಲ್ ನೋಡುವುದಕ್ಕೂ ಇದೇ ಮಾತು. ಸಣ್ಣ ಬೈಕುಗಳ ಎಂಜಿನ್ನಿನಲ್ಲಿ ಇರುವ ಎಣ್ಣೆಯೇ 1 ಲೀಟರಿನ ಆಸುಪಾಸು. ವಾಲಿ ನಿಂತ ಬೈಕಿನಲ್ಲಿ ಕಡ್ಡಿ ಅದ್ದಿದರೆ ಮಟ್ಟ ಸರಿಯಾಗಿ ತೋರುವುದಿಲ್ಲ.

ಪಾರ್ಕಿಂಗಿನ ಮಾತು ಬೇಗ ಮುಗಿಯುತ್ತದೆ. ಶಿವಮೊಗ್ಗದಿಂದ ಬೆಂಗಳೂರಿಗೆ ರೈಲು ಹತ್ತುವಾಗ ಬೈಕನ್ನು ಸ್ಟ್ಯಾಂಡಿನಲ್ಲಿ ಬಿಟ್ಟು ಹೋಗುವುದಿದೆ. ಚೀಟಿ ಹರಿಯುವವನು ಮೊದಲು ಹೇಳುವುದೇ ‘ಡಬಲ್ ಸ್ಟ್ಯಾಂಡ್ ಹಾಕಿ ಸಾರ್’. ಸೈಡ್ ಸ್ಟ್ಯಾಂಡಿನ ಬೈಕು ಹೆಚ್ಚು ಜಾಗ ತಿನ್ನುತ್ತದೆ, ಸಾಲಿನಲ್ಲಿ ಒಂದು ಉರುಳಿದರೆ ಉಳಿದವನ್ನೂ ಕೆಡವುತ್ತದೆ. ಹಾಗೆ ಉರುಳಿದಾಗ ಹೋಗುವುದು ಕನ್ನಡಿ, ಇಂಡಿಕೇಟರ್, ಕ್ಲಚ್ ಲಿವರ್. ಬಿಲ್ಲು ಯಾರ ಮೇಲೂ ಹಾಕುವಂತಿಲ್ಲ. ಮಳೆಗಾಲದಲ್ಲಂತೂ ನಮ್ಮ ಮಲೆನಾಡಿನ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡಿನ ಒಂಟಿ ಕಾಲು ಹೂತುಹೋಗುತ್ತದೆ. ಅದರಡಿಗೆ ಚಪ್ಪಟೆ ಕಲ್ಲು ಹುಡುಕುತ್ತಾ ಮಳೆಯಲ್ಲಿ ನೆನೆಯುವವರನ್ನು ಎಲ್ಲ ಊರಿನಲ್ಲೂ ನೋಡಬಹುದು.

ಹಂಪಿಗೆ ಬಡಿಯುವ ದೂರು ಸುಳ್ಳಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ದುಂಡು ಹಂಪು 3.7 ಮೀಟರ್ ಅಗಲಕ್ಕೆ ಹರಡಿ 10 ಸೆಂ.ಮೀ. ಎತ್ತರ ಇರಬೇಕು. ನಮ್ಮ ಬಡಾವಣೆಗಳಲ್ಲಿ ಒಂದೇ ರಾತ್ರಿಯಲ್ಲಿ ಎದ್ದು ನಿಲ್ಲುವ ಹಂಪುಗಳಿಗೆ ಈ ಅಳತೆಯ ಪರಿಚಯವಿಲ್ಲ. ಸ್ಪ್ಲೆಂಡರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 165 ಮಿ.ಮೀ. ಹಿಂದೆ ಹೆಂಡತಿ, ಮುಂದೆ ಅಕ್ಕಿ ಚೀಲ ಎಂದಾದರೆ ಅದರಲ್ಲೂ ಒಂದಷ್ಟು ಇಳಿಯುತ್ತದೆ. ಆದರೆ ಒಬ್ಬರೇ ಹೋಗುವಾಗಲೂ ಬಡಿಯುತ್ತಿದ್ದರೆ ತಪ್ಪು ಹಂಪಿನದಲ್ಲ. ಸ್ಪ್ರಿಂಗ್ ಸಡಿಲವಾಗಿ ಸ್ಟ್ಯಾಂಡು ಕೆಳಗೆ ಜೋತಿದೆ, ಇಲ್ಲವೇ ಕಾಲು ಬಾಗಿದೆ. ಸ್ಪ್ರಿಂಗಿಗೆ ನೂರು ರೂಪಾಯಿ ಸಾಕು. ಬಾಗಿದ ಕಾಲನ್ನು ವೆಲ್ಡಿಂಗ್ ಅಂಗಡಿಯವನು ಇನ್ನೂರರೊಳಗೆ ಸರಿಮಾಡಿ ಕೊಡುತ್ತಾನೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಅದು ಮಡಚುವ ಜಾಗಕ್ಕೆ ಗ್ರೀಸು ಹಚ್ಚಿಸಿದರೆ ಬೇರೆ ಆರೈಕೆ ಬೇಕಿಲ್ಲ.

ಕಾಲು ಬಾಗುವುದು ಹೇಗೆ? ಟೀ ಅಂಗಡಿಯ ಮುಂದೆ ನೋಡಿ. ಡಬಲ್ ಸ್ಟ್ಯಾಂಡ್ ಹಾಕಿದ ಬೈಕಿನ ಮೇಲೆ ಇಬ್ಬರು ಹತ್ತಿ ಕೂತು ರಾಜಕೀಯ ಮಾತಾಡುತ್ತಿರುತ್ತಾರೆ. ಆ ಕಾಲುಗಳು ಬೈಕಿನ ಭಾರಕ್ಕೆಂದು ಮಾಡಿದವು, ನಮ್ಮ ಭಾರಕ್ಕಲ್ಲ.

ಕಳಚಲೇಬೇಕಾದವರೂ ಇದ್ದಾರೆ, ಅದನ್ನು ಮರೆಯಬಾರದು. ನಡುನೋವು, ಮಂಡಿನೋವು ಇರುವವರಿಗೆ 200 ಕೆ.ಜಿ. ಹತ್ತಿರದ ಬೈಕನ್ನು ಸ್ಟ್ಯಾಂಡಿಗೆ ಏರಿಸುವುದು ಬೇಡದ ಸಾಹಸ. ಬೇರೆಯವರಿಗೂ ಕಷ್ಟವಾಗುವುದು ಹೆಚ್ಚಾಗಿ ತೋಳಿನಿಂದ ಎಳೆಯುವುದರಿಂದ. ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ತಾಗಿವೆಯೇ ಎಂದು ಮೊದಲು ನೋಡಿಕೊಂಡು, ತುಳಿಯುವ ಕಡ್ಡಿಯ ಮೇಲೆ ಪೂರ್ತಿ ಮೈಭಾರ ಬಿಟ್ಟು ನಿಂತರೆ ಬೈಕು ತಾನೇ ಹಿಂದಕ್ಕೆ ಏರುತ್ತದೆ. ಕೈಗಳ ಕೆಲಸ ಬೈಕನ್ನು ನೆಟ್ಟಗೆ ಹಿಡಿಯುವುದಷ್ಟೇ.

ಅಕ್ಕನ ಮಗ ಈಚೆಗೆ ಬೈಕು ಬುಕ್ ಮಾಡುವಾಗ ಫೋನ್ ಮಾಡಿದ್ದ. ‘ಮಾಮ, ಸೆಂಟರ್ ಸ್ಟ್ಯಾಂಡಿಗೆ ಬೇರೆ ದುಡ್ಡು ಕೇಳ್ತಿದಾರೆ. ಹಾಕಿಸ್ಲಾ?’ ಅವನಿರುವುದು ಬೆಂಗಳೂರಿನ ಪಿ.ಜಿ.ಯಲ್ಲಿ. ಟಯರು ಟ್ಯೂಬ್‌ಲೆಸ್, ಆದ್ದರಿಂದ ಪಂಕ್ಚರಿಗೆ ಚಕ್ರ ಬಿಚ್ಚುವ ಮಾತಿಲ್ಲ. ಸರ್ವಿಸಿಗೆ ಶೋರೂಮಿಗೇ ಬಿಡುತ್ತಾನೆ, ಸ್ವತಃ ಸ್ಪ್ಯಾನರ್ ಹಿಡಿಯುವ ಆಸಾಮಿಯಲ್ಲ. ಬೇಡ, ಅದೇ ದುಡ್ಡಿಗೆ ಒಳ್ಳೆಯ ರೇನ್‌ಕೋಟ್ ತಗೋ ಎಂದೆ. ಎಂಜಿನ್ ಅಡಿಯಲ್ಲೇ ಸೈಲೆನ್ಸರ್ ಪೆಟ್ಟಿಗೆ ಇರುವ ಕೆಲವು ಬೈಕುಗಳಲ್ಲಿ ಇದನ್ನು ಹಾಕಲು ಜಾಗವೂ ಇರುವುದಿಲ್ಲ. ಮನೆಯಲ್ಲೇ ಚೈನ್ ನೋಡಿಕೊಳ್ಳುವ ಶ್ರದ್ಧೆ ಇರುವವರು ಅಂಥ ಬೈಕಿಗೆ ಒಂದೂವರೆ, ಎರಡು ಸಾವಿರ ಕೊಟ್ಟು ಪ್ಯಾಡಕ್ ಸ್ಟ್ಯಾಂಡ್ ಕೊಳ್ಳಬೇಕು. ಬೈಕಿನ ಜೊತೆಯಲ್ಲೇ ಬಂದ ಡಬಲ್ ಸ್ಟ್ಯಾಂಡನ್ನು ಗುಜರಿಗೆ ಹಾಕುವವರು ಕೈಬಿಡುತ್ತಿರುವುದೂ ಅಷ್ಟೇ ಬೆಲೆಯ ಅನುಕೂಲವನ್ನು.

ಸೆಕೆಂಡ್ ಹ್ಯಾಂಡ್ ಬೈಕು ಕೊಳ್ಳುವವರಿಗೆ ಒಂದು ಮಾತು. ವ್ಯಾಪಾರ ಕುದುರಿಸುವ ಮೊದಲು ಬಗ್ಗಿ ಕೆಳಗೆ ನೋಡಿ. ಕಂಪನಿ ಕೊಟ್ಟ ಡಬಲ್ ಸ್ಟ್ಯಾಂಡ್ ಇಲ್ಲದಿದ್ದರೆ, ಮನೆಯಲ್ಲಿ ಎಲ್ಲಾದರೂ ಬಿದ್ದಿದೆಯೇ ಎಂದು ಕೇಳಿ. ಇದ್ದರೆ ಹಾಕಿಸಿ ಕೊಡಲು ಹೇಳಿ, ಇಲ್ಲದಿದ್ದರೆ ಬೆಲೆಯಲ್ಲಿ 1,000 ರೂಪಾಯಿ ಇಳಿಸಿ ಕೇಳಿ.