ಗಿರಾಕಿಗೊಂದು ವೈಫೈ, ಗಲ್ಲಾಪೆಟ್ಟಿಗೆಗೊಂದು ವೈಫೈ

ಚನ್ನಗಿರಿಯ ಅಡಿಕೆ ಮಂಡಿಯಿರಲಿ, ಹೊನ್ನಾಳಿಯ ಲಾಡ್ಜ್ ಇರಲಿ, ನ್ಯಾಮತಿಯ ಮೆಡಿಕಲ್ ಶಾಪ್, ಜಗಳೂರಿನ ಜೆರಾಕ್ಸ್ ಅಂಗಡಿಯೇ ಇರಲಿ, ಬಂದವರು ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ನಾವೂ ದಾಕ್ಷಿಣ್ಯಕ್ಕೆ ಹೇಳಿಬಿಡುತ್ತೇವೆ. ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ ಡಿವಿಆರ್ ಕೂಡ ಅದೇ ಜಾಲದಲ್ಲಿರುತ್ತವಲ್ಲ! ಜಗಲಿಗೆ ಬಂದವರಿಗೆ ತಿಜೋರಿ ಕೋಣೆಯ ಬಾಗಿಲು ತೆರೆದಿಟ್ಟ ಹಾಗೆ.

ಗಿರಾಕಿಗಳ ಜಾಲವನ್ನು ಬೇರೆ ಮಾಡಲು ಇನ್ನೊಂದು ರೂಟರ್ ಕೊಳ್ಳಬೇಕಿಲ್ಲ. ಈಗಿನ ಬಹುತೇಕ ರೂಟರ್‌ಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಇದೆ. ಅದನ್ನು ಆನ್ ಮಾಡಿ ಬೇರೆ ಪಾಸ್‌ವರ್ಡ್ ಕೊಡಿ. ಚಿಕ್ಕ ಅಂಗಡಿಗೆ ಅಷ್ಟು ಸಾಕು.

ಆಕ್ಸೆಸ್ ಪಾಯಿಂಟ್, ಸ್ವಿಚ್ ಎಲ್ಲ ಇರುವ ಕಡೆ ವಿ-ಲ್ಯಾನ್ (ಅದೇ ಉಪಕರಣಗಳಲ್ಲೇ ಬೇರೆ ಬೇರೆ ಜಾಲ) ಮಾಡಿಸಿ. ಸಿಬ್ಬಂದಿಯ ವೈಫೈ ಹೆಸರಿಗೆ 10, ಗಿರಾಕಿಗಳದ್ದಕ್ಕೆ 20, ಹೀಗೆ 1ರಿಂದ 4094ರೊಳಗಿನ ಒಂದೊಂದು ನಂಬರ್. ಅದೇ ನಂಬರುಗಳು ಸ್ವಿಚ್‌ನ ಟ್ರಂಕ್ ಪೋರ್ಟ್‌ನಲ್ಲೂ (ಎಲ್ಲ ವಿ-ಲ್ಯಾನ್‌ಗಳನ್ನೂ ಹೊರುವ ಪೋರ್ಟ್) ರೂಟರ್‌ನಲ್ಲೂ ಇರಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಒಂದು ಕಡೆ ನಂಬರ್ ತಪ್ಪಿದರೂ ಸಿಗ್ನಲ್ ಭರ್ತಿ ಇರುತ್ತದೆ, ಐಪಿ ವಿಳಾಸ ಮಾತ್ರ ಸಿಗುವುದಿಲ್ಲ. ಫೈರ್‌ವಾಲ್‌ನಲ್ಲಿ ತಡೆ ಹಾಕದಿದ್ದರೆ ಎರಡೂ ಜಾಲಗಳನ್ನು ರೂಟರೇ ಮತ್ತೆ ಬೆಸೆದುಬಿಡಬಹುದು.

ಸಿಕ್ಕಿತೆಂದು ಹತ್ತು ವೈಫೈ ಹೆಸರು ಇಡಬೇಡಿ. ಒಂದೊಂದು ಹೆಸರೂ ಸೆಕೆಂಡಿಗೆ ಸುಮಾರು 10 ಸಲ ತಾನಿದ್ದೇನೆಂದು ಸಾರುತ್ತಿರುತ್ತದೆ. ಅಷ್ಟರಮಟ್ಟಿಗೆ ವೇಗ ಕುಗ್ಗುತ್ತದೆ. ಮೂರು ಸಾಕು. ಹಾಗೆಯೇ, ರೂಟರ್‌ನ ಸೆಟ್ಟಿಂಗ್ಸ್‌ಗೆ ಹೋಗುವ ಪಾಸ್‌ವರ್ಡ್ ಇನ್ನೂ ‘ಅಡ್ಮಿನ್’ ಎಂದೇ ಇದ್ದರೆ ಇವತ್ತೇ ಬದಲಿಸಿ.