ಕೇಳುವ ಕಿವಿಗೂ ಕೂಲಿ ಕೊಡಿ

ಎರಡು ಲಕ್ಷ ಅರವತ್ತು ಸಾವಿರ ರೂಪಾಯಿ. ಮುಂದಿನ ಎಡಚಕ್ರದ ಕಡೆಯಿಂದ ಬರುತ್ತಿದ್ದ ‘ಟಕ್’ ಎಂಬ ಸದ್ದಿಗೆ ಸರ್ವಿಸ್ ಸೆಂಟರಿನವರು ಕೊಟ್ಟ ಎಸ್ಟಿಮೇಟು ಅದು. ಎರಡೂ ಕಡೆಯ ಲೋವರ್ ಆರ್ಮ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್, ಟಾಪ್ ಮೌಂಟ್, ಬುಶ್ ಎಲ್ಲವೂ ಪಟ್ಟಿಯಲ್ಲಿದ್ದವು. ಕಾರು 2012ರ ಮಾಡೆಲ್ಲಿನ ಜರ್ಮನ್ ಸೆಡಾನ್. ಹೊಸದರಲ್ಲಿ ಅರ್ಧ ಕೋಟಿಯ ಹತ್ತಿರ ಬೆಲೆಯಿತ್ತು. ಎರಡನೇ ಮಾಲೀಕನಾಗಿ ನಾನು ಕೊಂಡದ್ದು ಹನ್ನೊಂದು ಲಕ್ಷಕ್ಕೆ. ಇವತ್ತು ಮಾರಲು ಹೊರಟರೆ ಏಳು ಲಕ್ಷ ಬಂದರೆ ಹೆಚ್ಚು.

ಅದೇ ಸದ್ದು ಕೊನೆಗೆ ಐವತ್ತು ಸಾವಿರದೊಳಗೆ ನಿಂತಿತು. ನಾನು ಚೌಕಾಸಿ ಮಾಡಲಿಲ್ಲ, ಅಗ್ಗದ ಮಾಲೂ ಹಾಕಿಸಲಿಲ್ಲ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಒಬ್ಬ ಮೆಕ್ಯಾನಿಕ್ ಅರ್ಧ ದಿನ ಕೊಟ್ಟರು, ಅಷ್ಟೇ. ಹಳೆಯ ದೊಡ್ಡ ಕಾರು ಸಾಕುವವರಿಗೆ ಇದಕ್ಕಿಂತ ಲಾಭದ ಹೂಡಿಕೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು ಕೊಳ್ಳುವವರ ಕಣ್ಣು ಕಾರಿನ ಬೆಲೆಯ ಮೇಲಿರುತ್ತದೆ. ‘ಹೊಸ ಕ್ರೆಟಾ ದುಡ್ಡಿಗೆ ಬೆಂಜ್ ಬರುತ್ತೆ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಮಾತು ನಿಜವೇ. ಆದರೆ ಕಾರಿನ ಬೆಲೆ ವರ್ಷವರ್ಷಕ್ಕೂ ಇಳಿಯುತ್ತದೆ, ಬಿಡಿಭಾಗದ ಬೆಲೆ ಮಾತ್ರ ಅರ್ಧ ಕೋಟಿಯ ಕಾರಿನ ಲೆಕ್ಕದಲ್ಲೇ ಉಳಿಯುತ್ತದೆ. ಉಳಿಯುವುದೇನು, ಏರುತ್ತದೆ. ನನ್ನ ಕಾರು ಹೊಸದಾಗಿದ್ದ ಕಾಲಕ್ಕೆ ಒಂದು ಯೂರೋಗೆ 70 ರೂಪಾಯಿಯ ಆಸುಪಾಸು ಇತ್ತು. 2025ರಲ್ಲಿ ಅದು 100 ದಾಟಿತು. ಅದೇ ಜರ್ಮನಿಯ ಅದೇ ಆರ್ಮ್ ಬೇರೇನೂ ಬದಲಾಗದೆಯೇ ನಮಗೆ ಅಷ್ಟು ತುಟ್ಟಿಯಾಯಿತು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದದ್ದು ಸ್ವಲ್ಪ ಸಮಾಧಾನ. ಬಿಲ್ ಕೈಗೆ ಬಂದಾಗ ತೆರಿಗೆಯ ಸಾಲನ್ನು ಒಮ್ಮೆ ನೋಡಿಕೊಳ್ಳಿ.

ಬಿಡಿಭಾಗಗಳ ಸಂಖ್ಯೆಯೂ ಹೆಚ್ಚು. ನಮ್ಮ ಸಾಮಾನ್ಯ ಹ್ಯಾಚ್‌ಬ್ಯಾಕ್‌ಗೆ ಮುಂದಿನ ಒಂದು ಚಕ್ರಕ್ಕೆ ಒಂದೇ ಲೋವರ್ ಆರ್ಮ್, ಹಿಂದೆ ಒಂದು ಗಟ್ಟಿ ಬೀಮ್. ದೊಡ್ಡ ಕಾರುಗಳ ಕಥೆ ಬೇರೆ. 1982ರಲ್ಲಿ ಮರ್ಸಿಡಿಸ್ ಬೆಂಜ್ 190 ಕಾರಿನ ಹಿಂದಿನ ಪ್ರತಿ ಚಕ್ರಕ್ಕೆ ಐದು ಪ್ರತ್ಯೇಕ ತೋಳು ಕೊಟ್ಟ ವ್ಯವಸ್ಥೆ ಬಂತು. ಆಮೇಲೆ ಈ ವರ್ಗದ ಕಾರುಗಳೆಲ್ಲ ಹೆಚ್ಚುಕಡಿಮೆ ಅದೇ ದಾರಿ ಹಿಡಿದವು. ತಿರುವಿನಲ್ಲಿ ಕಾರು ನೆಲ ಕಚ್ಚಿ ಹೋಗುವುದು, ಒಳಗೆ ಕೂತವರಿಗೆ ಗುಂಡಿ ಗೊತ್ತಾಗದಿರುವುದು ಈ ತೋಳುಗಳ ಪುಣ್ಯದಿಂದ. ಪ್ರತಿ ತೋಳಿನ ತುದಿಯಲ್ಲೂ ಒಂದು ರಬ್ಬರ್ ಬುಶ್ ಅಥವಾ ಬಾಲ್ ಜಾಯಿಂಟ್ ಇರುತ್ತದೆ. ಸವೆಯುವುದು, ಸದ್ದು ಮಾಡುವುದು ಅಲ್ಲೇ.

ರಬ್ಬರಿಗೆ ಕಿಲೋಮೀಟರಿನ ಲೆಕ್ಕ ಒಂದೇ ಅಲ್ಲ, ವಯಸ್ಸಿನ ಲೆಕ್ಕವೂ ಇದೆ. ಬಿಸಿಲು, ಎಂಜಿನ್ನಿನ ಶಾಖ, ಎಣ್ಣೆಯ ಪಸೆ, ಗಾಳಿಯ ಓಜೋನ್ ಎಲ್ಲವೂ ಸೇರಿ ಅದನ್ನು ಒಣಗಿಸಿ ಬಿರುಕು ಬಿಡಿಸುತ್ತವೆ. ಹನ್ನೆರಡು ವರ್ಷದಲ್ಲಿ ಮೂವತ್ತೇ ಸಾವಿರ ಕಿಲೋಮೀಟರ್ ಓಡಿದ ಕಾರನ್ನು ‘ಶೋರೂಮ್ ಕಂಡೀಷನ್’ ಎಂದು ಮಾರುತ್ತಾರಲ್ಲ, ಅದರ ಬುಶ್‌ಗಳಿಗೂ ಹನ್ನೆರಡು ವರ್ಷವೇ ಆಗಿರುತ್ತದೆ. ಸಾಲದ್ದಕ್ಕೆ ನಮ್ಮ ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಲ್ಲಿ ಹಂಪ್ ಎಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ನುಣುಪಾದ ಉಬ್ಬು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟಬೇಕು. ನಮ್ಮ ಬಡಾವಣೆಯಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ, ಒಂದು ಮೊಳದ ಡಾಂಬರು ದಿಣ್ಣೆಗೂ ಇದಕ್ಕೂ ಸಂಬಂಧವೇ ಇಲ್ಲ.

ಆ ಮೆಕ್ಯಾನಿಕ್ ಕೆಲಸ ಮಾಡಿದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಉಳಿದ ಹಣವೆಲ್ಲ ಅಲ್ಲಿದೆ. ಮೊದಲು ಡಿಕ್ಕಿ ಖಾಲಿ ಮಾಡಿಸಿದರು. ಜಾಕ್, ವೀಲ್ ಸ್ಪ್ಯಾನರ್, ನನ್ನ ಛತ್ರಿ, ನೀರಿನ ಕ್ಯಾನ್ ಎಲ್ಲ ಹೊರಗೆ. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರಿನ ಸ್ಕ್ರೂಗಳನ್ನು ಬಿಗಿ ಮಾಡಿದರು. ಸೈಲೆನ್ಸರ್ ಮೇಲಿನ ತಗಡನ್ನು ಬೆರಳಿನಿಂದ ತಟ್ಟಿದರು. ‘ಕಾಸು ಖರ್ಚಿಲ್ಲದ್ದು ಮೊದಲು ನೋಡ್ಬೇಕು ಸಾರ್’ ಎಂದರು. ಸದ್ದು ಹಾಗೇ ಇತ್ತು.

ಆಮೇಲೆ ನನ್ನನ್ನು ಡ್ರೈವ್ ಮಾಡಲು ಹೇಳಿ, ಕಿಟಕಿ ಇಳಿಸಿ ಪಕ್ಕದಲ್ಲಿ ಕೂತರು. ಗ್ಯಾರೇಜಿನ ಹಿಂದಿನ ರಸ್ತೆಯ ಹಂಪನ್ನು ನೇರವಾಗಿ, ಎರಡೂ ಚಕ್ರ ಒಟ್ಟಿಗೆ ಹತ್ತುವಂತೆ ದಾಟಿಸಿದರು. ಸದ್ದಿಲ್ಲ. ಅದೇ ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತುವಂತೆ ದಾಟಿಸಿದರು. ‘ಟಕ್’. ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ಎಂಬ ಕಬ್ಬಿಣದ ಸರಳು ಎರಡೂ ಚಕ್ರ ಒಟ್ಟಿಗೆ ಏರಿದಾಗ ಸುಮ್ಮನೆ ತಾನೂ ಏರುತ್ತದೆ. ಒಂದೇ ಚಕ್ರ ಏರಿದಾಗ ತಿರುಚಿಕೊಳ್ಳುತ್ತದೆ. ಆಗ ಅದರ ತುದಿಯ ಲಿಂಕ್ ರಾಡ್‌ಗಳ ಮೇಲೆ ಭಾರ ಬೀಳುತ್ತದೆ. ಶಾಕ್ ಅಬ್ಸಾರ್ಬರ್ ಕೆಟ್ಟಿದ್ದರೆ ನೇರವಾಗಿ ದಾಟಿದಾಗಲೂ ಅದು ಮಾತಾಡಬೇಕಿತ್ತು. ವಾಪಸ್ ಬಂದು ಎರಡೂ ಲಿಂಕ್ ರಾಡ್ ಬಿಚ್ಚಿ ಪಕ್ಕಕ್ಕಿಟ್ಟು, ಅದೇ ಬೀದಿಯಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿದರು. ‘ಟಕ್’ ಹೋಗಿತ್ತು. ಆದರೆ ಬ್ರೇಕ್ ಒತ್ತಿದಾಗ ಮಂದವಾದ ಇನ್ನೊಂದು ‘ಧಡ್’ ಕೇಳಿಸಿತು. ಮೊದಲನೆಯ ಸದ್ದಿನ ಹಿಂದೆ ಅದು ಅಡಗಿಕೊಂಡಿತ್ತು.

ಎರಡನೆಯದು ಮುಂದಿನ ಆರ್ಮಿನ ದೊಡ್ಡ ಬುಶ್. ಈ ಕಾರುಗಳಲ್ಲಿ ಆ ಬುಶ್ಶಿನೊಳಗೆ ಒಂದು ದ್ರವ ತುಂಬಿರುತ್ತದೆ. ಬ್ರೇಕ್ ಹಾಕಿದಾಗಿನ ನಡುಕವನ್ನು ಅದು ನುಂಗಿಕೊಳ್ಳುತ್ತದೆ. ಟಾರ್ಚ್ ಹಿಡಿದು ನನ್ನನ್ನೂ ಕೆಳಗೆ ಕರೆದು ತೋರಿಸಿದರು. ರಬ್ಬರಿನ ಅಂಚಿನಿಂದ ಕಪ್ಪಗೆ ಜಿನುಗಿ, ಧೂಳು ಹಿಡಿದು ಅಂಟಂಟಾಗಿದ್ದ ಒಂದು ಗೆರೆ. ಉದ್ದನೆಯ ಸರಳು ಕೊಟ್ಟು ಮೀಟಿದಾಗ ಆರ್ಮು ಸಡಿಲ ಹಲ್ಲಿನಂತೆ ಅಲ್ಲಾಡಿತು. ಮೈಸೂರು ಹೆದ್ದಾರಿಯಲ್ಲಿ ಬ್ರೇಕ್ ಹಾಕಿದಾಗ ಸ್ಟೀರಿಂಗ್ ಅದುರುತ್ತಿದ್ದದ್ದು ಏಕೆಂದು ಆಗ ತಿಳಿಯಿತು. ಅದಕ್ಕೆ ಬ್ರೇಕ್ ಡಿಸ್ಕ್ ಬದಲಿಸಿ ಎಂಬ ಸಲಹೆಯೂ ನನಗೆ ಸಿಕ್ಕಿತ್ತು. ಶಾಕ್ ಅಬ್ಸಾರ್ಬರ್‌ಗಳು ಒಣಗಿ ಸ್ವಚ್ಛವಾಗಿದ್ದವು, ಎಣ್ಣೆ ಸೋರಿಕೆ ಇರಲಿಲ್ಲ. ಎಸ್ಟಿಮೇಟಿನಲ್ಲಿ ಅತಿ ದುಬಾರಿಯಾಗಿದ್ದವು ಅವೇ.

ನಮ್ಮಲ್ಲಿ ಗ್ಯಾರೇಜಿನವರು ‘ನೋಡಿ ಹೇಳುವುದಕ್ಕೆ’ ದುಡ್ಡು ಕೇಳುವುದಿಲ್ಲ, ನಾವೂ ಕೊಡುವುದಿಲ್ಲ. ಬಿಚ್ಚಿ ಹಾಕಿದ್ದಕ್ಕೆ ಮಾತ್ರ ಲೇಬರ್ ಚಾರ್ಜ್. ಇದರಲ್ಲೇ ನಷ್ಟದ ಬೀಜ ಇದೆ. ಹುಡುಕಿದ್ದಕ್ಕೆ ಕೂಲಿ ಇಲ್ಲ ಎಂದಾದರೆ ಹುಡುಕಲು ಸಮಯ ಏಕೆ ಕೊಟ್ಟಾರು? ಅನುಮಾನವಿದ್ದದ್ದನ್ನೆಲ್ಲ ಬದಲಿಸಿಬಿಟ್ಟರೆ ಸದ್ದೂ ಹೋಗುತ್ತದೆ, ಪಾರ್ಟ್ಸ್ ಮೇಲಿನ ಲಾಭವೂ ಬರುತ್ತದೆ. ಇದಕ್ಕೆ ಮೋಸ ಎನ್ನಲಾರೆ, ನಾವು ಕಟ್ಟಿಕೊಟ್ಟ ವ್ಯವಸ್ಥೆ ಇದು. ಹಾಗಾಗಿ ಗಾಡಿ ಒಳಗೆ ಬಿಡುವ ಮೊದಲೇ ನಾನು ಹೇಳುತ್ತೇನೆ: ‘ಭಾಯ್, ಚೆಕ್ ಮಾಡೋದಕ್ಕೆ ಬೇರೆ ದುಡ್ಡು. ಕೆಲಸ ನಿಮ್ಮಲ್ಲೇ ಮಾಡಿಸಿದರೂ ಸರಿ, ಮಾಡಿಸದಿದ್ದರೂ ಸರಿ, ಇದು ನಿಮ್ಮದು.’ ಎರಡು ಸಾವಿರ ಕೊಟ್ಟೆ. ಅವರು ಬೇಡವೆಂದರೂ ಒತ್ತಾಯಿಸಿದೆ. ಒಬ್ಬ ಅನುಭವಸ್ಥನ ಕಿವಿ, ಬೆರಳು, ಅರ್ಧ ದಿನ, ಇವಕ್ಕೆ ಎರಡು ಸಾವಿರ ಕಡಿಮೆಯೇ ಆಯಿತು.

ಇನ್ನು ಮಾಲು. ಕಾರು ಕಂಪನಿಗಳು ಆರ್ಮ್, ಬಾಲ್ ಜಾಯಿಂಟುಗಳನ್ನು ಹೆಚ್ಚಾಗಿ ಬೇರೆ ತಯಾರಕರಿಂದ ಮಾಡಿಸಿಕೊಳ್ಳುತ್ತವೆ. ಜರ್ಮನಿಯ ಝಡ್‌ಎಫ್ ಸಮೂಹದ ಲೆಮ್‌ಫರ್ಡರ್ ಅಂಥ ಒಂದು ಹೆಸರು. ಅವರ ಡಬ್ಬಿಯಲ್ಲಿ ಬರುವ ಆರ್ಮುಗಳಲ್ಲಿ ಕೆಲವೊಮ್ಮೆ ಕಾರು ಕಂಪನಿಯ ಲೋಗೋ ಇದ್ದ ಜಾಗವನ್ನು ಉಜ್ಜಿ ಅಳಿಸಿದ ಗುರುತು ಕಾಣುತ್ತದೆ. ಅಂದರೆ ಅದೇ ವಸ್ತು, ಬೇರೆ ಡಬ್ಬಿ, ಬೆಲೆ ಎಷ್ಟೋ ಕಡಿಮೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇವು ಸಿಗುತ್ತವೆ, ಇವುಗಳ ಡೂಪ್ಲಿಕೇಟೂ ಸಿಗುತ್ತದೆ. ಮಾಡೆಲ್ ಹೆಸರು ಹೇಳಿ ಕೊಳ್ಳಬೇಡಿ. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಕೊಟ್ಟು ಸರಿಯಾದ ಪಾರ್ಟ್ ನಂಬರ್ ತೆಗೆಸಿ, ಜಿಎಸ್‌ಟಿ ಬಿಲ್ ಸಮೇತ ಕೊಳ್ಳಿ. ಒಂದೇ ಮಾಡೆಲ್ಲಿಗೆ ವರ್ಷದ ಮಧ್ಯೆ ಪಾರ್ಟ್ ಬದಲಾಗಿರುವುದುಂಟು. ಸಸ್ಪೆನ್ಷನ್ನಿಗೆ ಗುಜರಿ ಮಾಲು ಮಾತ್ರ ಬೇಡವೇ ಬೇಡ. ಕನ್ನಡಿ, ಬಾಗಿಲ ಹಿಡಿಕೆ ತನ್ನಿ, ಪರವಾಗಿಲ್ಲ. ಹಳೆಯ ರಬ್ಬರ್ ತೆಗೆದು ಇನ್ನೊಬ್ಬರ ಹಳೆಯ ರಬ್ಬರ್ ಹಾಕಿಸುವುದರಲ್ಲಿ ಅರ್ಥವಿಲ್ಲ. ಪಾಲಿಯೂರಿಥೇನ್ ಬುಶ್ ಬಾಳಿಕೆ ಬರುತ್ತದೆ ಎಂದು ಹೇಳುವವರಿದ್ದಾರೆ. ಬರುತ್ತದೆ, ಆದರೆ ರಸ್ತೆಯ ಒರಟನ್ನೆಲ್ಲ ಒಳಗೆ ತರುತ್ತದೆ. ಮೆತ್ತಗೆ ಹೋಗಲೆಂದೇ ಕೊಂಡ ಕಾರಿಗೆ ಅದು ನನಗೆ ಒಪ್ಪಿಗೆಯಿಲ್ಲ.

ಹೊಸ ಮಾಲು ಹಾಕಿಸಿದ ಮೇಲೂ ವರ್ಷದೊಳಗೆ ಬುಶ್ ಹರಿಯಿತು ಎಂದು ಗೋಳಾಡುವವರನ್ನು ನಾನು ಕಂಡಿದ್ದೇನೆ. ಬಹಳ ಸಲ ಕಾರಣ ಬೋಲ್ಟು ಬಿಗಿ ಮಾಡಿದ ಕ್ರಮ. ಕಾರು ಲಿಫ್ಟಿನ ಮೇಲಿದ್ದಾಗ ಚಕ್ರಗಳು ಕೆಳಕ್ಕೆ ಜೋತಿರುತ್ತವೆ. ಆ ಸ್ಥಿತಿಯಲ್ಲೇ ಬುಶ್ಶಿನ ಬೋಲ್ಟನ್ನು ಪೂರ್ತಿ ಬಿಗಿ ಮಾಡಿದರೆ, ಕಾರು ನೆಲಕ್ಕಿಳಿದ ಕ್ಷಣವೇ ರಬ್ಬರ್ ತಿರುಚಿಕೊಳ್ಳುತ್ತದೆ, ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿತ ಆಗಬೇಕು. ಇದಕ್ಕೆ ಹತ್ತಿಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಇನ್ನೇನೂ ಬೇಡ. ನಾನು ಎದುರಿಗೆ ನಿಂತು ಕೇಳಿ ಮಾಡಿಸುತ್ತೇನೆ. ಕೊನೆಗೆ ವೀಲ್ ಅಲೈನ್‌ಮೆಂಟ್. ಆರ್ಮ್ ಬದಲಿಸಿ ಅಲೈನ್‌ಮೆಂಟ್ ಬಿಟ್ಟರೆ ಅಲ್ಲಿ ಉಳಿಸಿದ್ದನ್ನು ಟೈರು ತಿನ್ನುತ್ತದೆ, ಈ ಕಾರಿನ ಟೈರು ಒಂದೊಂದೂ ಹದಿನೈದು ಸಾವಿರದ ಮೇಲೆ.

ಎಲ್ಲ ಸದ್ದಿಗೂ ಇವತ್ತೇ ದುಡ್ಡು ಸುರಿಯಬೇಕಿಲ್ಲ. ಲಿಂಕ್ ರಾಡಿನ ಟಕಟಕ ಕಿರಿಕಿರಿಯೇ ಹೊರತು ತಕ್ಷಣದ ಅಪಾಯವಲ್ಲ, ಮುಂದಿನ ಸಂಬಳದವರೆಗೆ ತಡೆದೀತು. ಚಳಿಯ ಬೆಳಗ್ಗೆ ರಬ್ಬರ್ ಮುಲುಗುವುದೂ ಅಂಥದ್ದೇ. ಬಾಲ್ ಜಾಯಿಂಟ್ ಸಡಿಲವಾಗಿದೆ ಎಂದರೆ ಮಾತ್ರ ಒಂದು ದಿನವೂ ಕಾಯಬೇಡಿ, ಸಾಲ ಮಾಡಿಯಾದರೂ ಹಾಕಿಸಿ. ಅದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ವೇಗ ಏರಿದಂತೆ ಏರುವ ‘ಗುಂಯ್’ ಸದ್ದು ವೀಲ್ ಬೇರಿಂಗಿನದು ಇರಬಹುದು, ಅಂಕುಡೊಂಕು ಸವೆದ ಟೈರಿನದೂ ಇರಬಹುದು. ಟೈರುಗಳನ್ನು ಹಿಂದೆ ಮುಂದೆ ಬದಲಿಸಿ ನೋಡಿದರೆ ಸದ್ದು ಜಾಗ ಬದಲಿಸುತ್ತದೋ ಇಲ್ಲವೋ ತಿಳಿಯುತ್ತದೆ. ಏರ್ ಸಸ್ಪೆನ್ಷನ್ ಇರುವ ಕಾರಾದರೆ, ಬೆಳಗ್ಗೆ ಎದ್ದಾಗ ಒಂದು ಮೂಲೆ ಕುಸಿದು ಕೂತಿದೆಯೇ ನೋಡಿ. ಗಾಳಿಚೀಲ ಸೋರುತ್ತಿದ್ದರೆ ಕಂಪ್ರೆಸರ್ ಅದನ್ನು ತುಂಬಿಸಲು ಓಡಿ ಓಡಿ ಸುಟ್ಟುಹೋಗುತ್ತದೆ. ಸೋರಿಕೆ ಹುಡುಕದೆ ಬರೀ ಕಂಪ್ರೆಸರ್ ಹಾಕಿಸಿದರೆ ಹೊಸದಕ್ಕೂ ಅದೇ ಗತಿ. ಸೋಪಿನ ನೀರು ಚಿಮುಕಿಸಿದರೆ ಗುಳ್ಳೆ ಎಲ್ಲಿದೆಯೆಂದು ಕಾಣುತ್ತದೆ.

ಇನ್ಶೂರೆನ್ಸ್ ಕೈ ಹಿಡಿಯುತ್ತದೆ ಎಂದು ನೆಚ್ಚಬೇಡಿ. ಸವೆತ ಮತ್ತು ಯಾಂತ್ರಿಕ ದೋಷ ಮೋಟಾರ್ ಪಾಲಿಸಿಯ ಹೊರಗಿನವು. ಗುಂಡಿಗೆ ಬಿದ್ದು ಆರ್ಮ್ ಬಾಗಿದರೆ ಅಪಘಾತವೆಂದು ಕ್ಲೇಮ್ ಕೇಳಬಹುದು, ಆದರೆ ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ 50 ಪರ್ಸೆಂಟ್ ಕಳೆಯುತ್ತಾರೆ. ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೂ ಅಷ್ಟೇ. ಇಷ್ಟು ಹಳೆಯ ಕಾರಿಗೆ ಝೀರೋ ಡೆಪ್ರಿಸಿಯೇಷನ್ ಸಿಗುವುದು ಕಷ್ಟ.

ಹೀಗಾಗಿ ನಾನು ತಿಂಗಳಿಗೆ ಹತ್ತು ಸಾವಿರ ಕಾರಿನ ಹೆಸರಿನಲ್ಲೇ ಆರ್‌ಡಿ ಕಟ್ಟುತ್ತೇನೆ. ಹನ್ನೊಂದು ಲಕ್ಷದ ಕಾರಿಗೆ ಇದು ದುಬಾರಿಯೆನಿಸಬಹುದು, ಅರ್ಧ ಕೋಟಿಯ ಕಾರಿಗೆ ಹದವಾದ ಮೊತ್ತ. ಇದನ್ನು ಎತ್ತಿಡಲಾಗದವರು ಇಂಥ ಕಾರು ಕೊಳ್ಳದಿರುವುದೇ ಲೇಸು ಎಂದು ಕಳಕಳಿಯಿಂದಲೇ ಹೇಳುತ್ತೇನೆ. ದೆಹಲಿಯಿಂದ ಅಗ್ಗಕ್ಕೆ ಬರುವ ಡೀಸೆಲ್ ಕಾರುಗಳ ಆಸೆಗೆ ಬೀಳುವವರು ಇಲ್ಲಿ ಮತ್ತೆ ಕಟ್ಟಬೇಕಾದ ರಸ್ತೆ ತೆರಿಗೆಯನ್ನೂ ಬೆಲೆಗೆ ಸೇರಿಸಿ ನೋಡಲಿ. ಇಪ್ಪತ್ತು ಲಕ್ಷ ಮೀರಿದ ಹೊಸ ಕಾರಿಗೆ ಕರ್ನಾಟಕದಲ್ಲಿ 18 ಪರ್ಸೆಂಟ್ ಜೀವಾವಧಿ ತೆರಿಗೆ. ಹಳೆಯದಕ್ಕೆ ವಯಸ್ಸಿನ ರಿಯಾಯಿತಿ ಇದ್ದರೂ ಲೆಕ್ಕ ಶುರುವಾಗುವುದು ಮೂಲ ಬೆಲೆಯಿಂದ.

ನನ್ನ ಕಾರಿಗೆ 2027ರಲ್ಲಿ ಹದಿನೈದು ತುಂಬುತ್ತದೆ. ಫಿಟ್‌ನೆಸ್ ತಪಾಸಣೆ ಮಾಡಿಸಿ, ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 5,000 ರೂಪಾಯಿ. ಅಷ್ಟರೊಳಗೆ ಹಿಂದಿನ ಚಕ್ರಗಳ ಬುಶ್ ಎಷ್ಟು ಉಳಿದಿವೆಯೆಂದು ನೋಡಬೇಕು. ಅದಕ್ಕೂ ಭಾಯ್ ಅವರ ಅರ್ಧ ದಿನವನ್ನು ಮುಂಗಡ ಕೊಟ್ಟು ಕಾದಿರಿಸಿದ್ದೇನೆ.