ಗೈಲ್ ಎದ್ದು ನಿಂತಾಗ

ಸ್ಟ್ರೀಟ್ ಫೈಟರ್ ಆಟದಲ್ಲಿ ಕೈಚಳಕವೇ ಸರ್ವಸ್ವವೆಂದು ಹೊರಗಿನಿಂದ ನೋಡುವವರು ಭಾವಿಸುವುದು ಸಹಜವಾದರೂ, ಹಲವು ವರ್ಷಗಳು ಅದನ್ನು ಶ್ರದ್ಧೆಯಿಂದ ಆಡಿದ ಬಳಿಕ ನಾನು ಕಂಡುಕೊಂಡುದೇನೆಂದರೆ, ಜಯವು ಬಹುಮಟ್ಟಿಗೆ ಎದುರಾಳಿಯ ಸ್ವಭಾವವನ್ನು ಅರಿಯುವ ಶಕ್ತಿಯನ್ನೇ ಆಶ್ರಯಿಸಿದೆ. ಸೆಕೆಂಡಿಗೆ 60 ಫ್ರೇಮುಗಳಂತೆ ಓಡುವ ಈ ಆಟದಲ್ಲಿ, ನಾಲ್ಕೈದು ಫ್ರೇಮುಗಳಲ್ಲಿಯೇ ಬಂದು ತಗಲುವ ಗುದ್ದನ್ನು ಕಂಡ ಮೇಲೆ ತಡೆಯುವುದು ಮನುಷ್ಯಮಾತ್ರರಿಗೆ ಅಸಾಧ್ಯವಾದುದರಿಂದ, ಅದು ಬರಲಿದೆಯೆಂದು ಮುನ್ನವೇ ಊಹಿಸಿದವನು ಮಾತ್ರ ತಡೆಯಬಲ್ಲನು.

ನನ್ನ ಮಿತ್ರನೊಬ್ಬನು ಗೈಲ್‌ನನ್ನು ಬಿಟ್ಟು ಬೇರೆ ಪಾತ್ರವನ್ನು ಮುಟ್ಟಿದವನಲ್ಲ. ಜಾಯ್‌ಸ್ಟಿಕ್ಕನ್ನು ಹಿಂದಕ್ಕೂ ಕೆಳಕ್ಕೂ ಓರೆಯಾಗಿ ಒತ್ತಿಹಿಡಿದು ಕುಳಿತ ಗೈಲ್‌ನಲ್ಲಿ ದೂರಕ್ಕೆ ಎಸೆಯುವ ಸಾನಿಕ್ ಬೂಮ್, ಹತ್ತಿರ ಹಾರಿ ಬಂದವನನ್ನು ಕೆಡಹುವ ಪಲ್ಟಿಯೊದೆತ ಇವೆರಡೂ ಸಂಚಿತವಾಗಿರುತ್ತವೆ. ಎದ್ದು ಎರಡು ಹೆಜ್ಜೆ ಮುಂದೆ ನಡೆದನೋ, ಆ ಸಂಚಯವೆಲ್ಲ ಕ್ಷಯಿಸುತ್ತದೆ, ಸಮೀಪಿಸಲು ಅದೇ ಸಮಯ. ಹೀಗೆ ಕುಳಿತು ಕಾಯುವ ಆಟವನ್ನು ಹೇಡಿತನವೆಂದು ಹಳಿಯುವವರ ಮಾತನ್ನು ನಾನು ಒಪ್ಪಲಾರೆನು. ಅಷ್ಟು ಹೊತ್ತು ಕೈಯನ್ನು ಬಿಗಿಹಿಡಿಯುವುದಕ್ಕೆ ಬೇಕಾದ ಸಂಯಮ ಅಲ್ಪವಾದುದಲ್ಲ.

ಆ ಮಿತ್ರನ ನಿಜವಾದ ಗುಣ ಗೋಚರವಾದುದು ಮಾತ್ರ ಆತನು ಮೂಲೆಗೆ ಸಿಕ್ಕಿ ನೆಲಕ್ಕೆ ಬಿದ್ದಾಗಲೇ. ಏಳುತ್ತಲೇ ಆತನು ತಪ್ಪದೆ ಪಲ್ಟಿ ಹೊಡೆಯುವನು; ನಾನು ಬಳಿಗೆ ಹೋಗಿ, ಹೊಡೆಯದೆ, ತಡೆಯನ್ನಷ್ಟೇ ಹಿಡಿದು ನಿಂತರೆ ಸಾಕು, ಮೇಲೇರಿದವನು ಇಳಿಯುವಾಗ ಸಂಪೂರ್ಣ ನಿರಾಯುಧನಾಗಿರುತ್ತಿದ್ದನು. ಕ್ರಮೇಣ ಆತನು ಪಲ್ಟಿಯನ್ನು ಬಿಟ್ಟು ತಡೆದು ಕುಳಿತುಕೊಳ್ಳತೊಡಗಿದನು. ತಡೆಯನ್ನು ಭೇದಿಸುವುದು ಥ್ರೋ ಆದುದರಿಂದ ನಾನು ಎತ್ತಿ ಎಸೆಯತೊಡಗಿದೆನು. ಆಮೇಲೆ ನಾನು ಎಸೆಯಲು ಬರುವ ಕ್ಷಣವನ್ನೇ ನಿರೀಕ್ಷಿಸಿ ಆತನು ಮತ್ತೆ ಪಲ್ಟಿ ಹೊಡೆದನು. ಎದುರಾಳಿಯನ್ನು ಬಲ್ಲೆನೆಂಬ ನನ್ನ ಬಲ್ಮೆಯನ್ನೇ ಆತನು ಓದಿಕೊಂಡಿದ್ದನು. ಜಂಗೀಫ್‌ನಂತಹ ಮಲ್ಲನನ್ನು ಆಡುವವರ ಎದುರಿನಲ್ಲಿಯಾದರೋ ಹೀಗೆ ಪರಸ್ಪರ ಊಹಿಸುವ ಒತ್ತಡ ಇನ್ನೂ ನಿಚ್ಚಳ: ಹಿಡಿತಕ್ಕೆ ಸಿಕ್ಕೇನೆಂಬ ಭೀತಿಯಿಂದ ನಾವೇ ಮೇಲಕ್ಕೆ ನೆಗೆಯುವೆವು, ಆ ನೆಗೆತಕ್ಕಾಗಿಯೇ ಅವರು ಕಾದಿರುವರು.

2004ರಲ್ಲಿ ಕ್ಯಾಲಿಫೋರ್ನಿಯದ ಇವೋ ಪಂದ್ಯಾವಳಿಯಲ್ಲಿ ಜಪಾನಿನ ಡೈಗೋ ಉಮೆಹಾರಾ ಮತ್ತು ಅಮೆರಿಕದ ಜಸ್ಟಿನ್ ವಾಂಗ್ ಸ್ಟ್ರೀಟ್ ಫೈಟರ್ ಥರ್ಡ್ ಸ್ಟ್ರೈಕ್ ಆಡಿದ ಪಂದ್ಯದ ಚಿತ್ರೀಕರಣವನ್ನು ನಾನು ಇಂದಿಗೂ ಮತ್ತೆ ಮತ್ತೆ ನೋಡುವುದುಂಟು. ಡೈಗೋನ ಕೆನ್‌ಗೆ ಉಳಿದಿದ್ದ ಪ್ರಾಣ ಎಷ್ಟು ಅತ್ಯಲ್ಪವೆಂದರೆ, ಜಸ್ಟಿನ್ ಆಡುತ್ತಿದ್ದ ಚುನ್-ಲೀಯ ಸೂಪರ್ ಒದೆತಗಳನ್ನು ಬರಿದೆ ಬ್ಲಾಕ್ ಮಾಡಿದ್ದರೂ ಆತನು ಸೋಲುತ್ತಿದ್ದನು. ಆತನು 15 ಒದೆತಗಳನ್ನೂ ಪ್ಯಾರಿ ಮಾಡಿ, ಅಂದರೆ ಒದೆತ ತಗಲುವ ಕ್ಷಣಕ್ಕೆ ಸರಿಯಾಗಿ ಜಾಯ್‌ಸ್ಟಿಕ್ಕನ್ನು ತಟ್ಟಿ ಅದನ್ನು ನಿಷ್ಫಲಗೊಳಿಸಿ, ಮರುದಾಳಿಯಿಂದ ಆ ಸುತ್ತನ್ನು ಗೆದ್ದುಕೊಂಡನು. ಜನರು ಕೊಂಡಾಡುವುದು ಆ ಹದಿನೈದನ್ನು. ನನಗೆ ಅತ್ಯಾಶ್ಚರ್ಯಕರವಾದುದು ಮೊದಲನೆಯದು, ಏಕೆಂದರೆ ಉಳಿದವುಗಳ ಲಯವನ್ನು ಅಭ್ಯಾಸದಿಂದ ಸಾಧಿಸಬಹುದು, ಆದರೆ ಚುನ್-ಲೀ ಅಲುಗುವುದಕ್ಕೂ ಮುನ್ನವೇ ಜಾಯ್‌ಸ್ಟಿಕ್ಕನ್ನು ಮುಂದಕ್ಕೆ ತಟ್ಟಬೇಕಾದರೆ, ಅಲ್ಲಿಯವರೆಗೆ ಅಷ್ಟು ತಾಳ್ಮೆಯಿಂದ ಕಾದಿದ್ದ ಜಸ್ಟಿನ್ ಯಾವ ಗಳಿಗೆಯಲ್ಲಿ ಕಾಯುವುದನ್ನು ನಿಲ್ಲಿಸುವನೆಂಬುದನ್ನು ಅರಿತಿರಬೇಕಾಗಿತ್ತು.